ಡಂಬಳಕ್ಕೆ ಹೊರಟ ಟೋಪಿಯವನು

ಕಂಪ್ಯೂಟರ್ ಕಲಿಸುವವನ ಬದುಕಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಬೆಟಗೇರಿಯ ನನ್ನ ಕ್ಲಾಸಿಗೆ ಬಂದವರಲ್ಲಿ ಮೌಸನ್ನು ಎತ್ತಿ ಪರದೆಗೇ ಒತ್ತಿದವರಿದ್ದಾರೆ, ಕೀಬೋರ್ಡಿಗೆ ವಿಭೂತಿ ಬಳಿದು ಕೈಮುಗಿದವರಿದ್ದಾರೆ. ಅವನ್ನೆಲ್ಲ ಎಷ್ಟು ಸಲ ಹೇಳಿದರೂ ನನಗೆ ನಗು ಬರುತ್ತದೆ. ಆದರೆ ಹೋದ ವರ್ಷ ನಾನೂ ನನ್ನ ಗೆಳೆಯನೂ ಸೇರಿ ಒಂದು ವಿಡಿಯೋ ಗೇಮ್ ಮಾಡಿದೆವಲ್ಲ, ಆ ಪ್ರಸಂಗಗಳನ್ನು ಹೇಳುವಾಗ ಕೇಳುವವರಷ್ಟೇ ನಗುತ್ತಾರೆ. ನಾನು ಮಾತ್ರ ಬೇಗ ಮಾತು ಬದಲಿಸುತ್ತೇನೆ.

ಚಾದರದೊಳಗಿನ ಪೆಟ್ಟಿಗೆ

ನಾವು ಶಾಲೆಗೆ ಹೋಗುತ್ತಿದ್ದಾಗ ಗದಗಿನಲ್ಲಿ ಚಾಚಾ ಒಬ್ಬರು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಆಳೆತ್ತರದ ಕಟ್ಟಿಗೆ ಪೆಟ್ಟಿಗೆಗಳು, ಒಂದೊಂದರಲ್ಲೂ ಒಂದು ಪರದೆ, ಒಂದು ಹಿಡಿಕೆ, ಒಂದು ಗುಂಡಿ, ಮುಂದೊಂದು ಸ್ಟೂಲು. ನಾಣ್ಯ ಹಾಕಿದರೆ ಆಟ. ಚಾಚಾ ಅವರದು ಒಂದೇ ಕಾನೂನು, ಆಡುತ್ತಿರುವವರನ್ನು ನಡುವೆ ಎಬ್ಬಿಸಬಾರದು. ಮಗನನ್ನು ಹುಡುಕಿಕೊಂಡು ಅಪ್ಪ ಬಡಿಗೆ ಹಿಡಿದು ಬಂದರೂ ಕಟ್ಟೆಯ ಮೇಲೆ ಕೂರಿಸಿ ಚಹಾ ತರಿಸುತ್ತಿದ್ದರು. "ಆಟಾ ಮುಗೀಲಿರಿ, ಆಮ್ಯಾಲ ಆರಾಮ ಬಡೀರಿ" ಎನ್ನುತ್ತಿದ್ದರು.

ಈಗ ಅವರು ಲಕ್ಷ್ಮೇಶ್ವರದಲ್ಲಿ ಮಿಕ್ಸರ್, ಸ್ಟವ್ ರಿಪೇರಿ ಮಾಡುತ್ತಾರೆ. ಉಳಿದ ಪೆಟ್ಟಿಗೆಗಳೆಲ್ಲ ಹೋಗಿ ಕೊನೆಯದೊಂದು ಅಂಗಡಿಯ ಮೂಲೆಯಲ್ಲಿ ಚಾದರ ಹೊದ್ದು ನಿಂತಿತ್ತು. ಆ ಮೂಲೆಯಲ್ಲಿ ಅವರ ಹೆಂಡತಿ, ನಮ್ಮ ಚಾಚಿ, ಒಂದು ಹಿಟ್ಟಿನ ಗಿರಣಿ ಇಡಬೇಕೆಂದಿದ್ದರು. ಗುಜರಿಯವನಿಗೆ ಮಾತೂ ಕೊಟ್ಟಾಗಿತ್ತು. ಇದು ತಿಳಿದು ನಾವಿಬ್ಬರೂ ಓಡಿಹೋದೆವು.

"ನಾವೊಂದು ಹೊಸಾ ಆಟಾ ಮಾಡಿ ಇದರಾಗ ಹಾಕ್ತೀವಿ ಚಾಚಾ, ಕೊಡಬ್ಯಾಡ್ರಿ" ಎಂದ ಗೆಳೆಯ.

ಚಾಚಾ ಒಳಬಾಗಿಲ ಕಡೆ ನೋಡಿದರು. "ಆತು ಬೇಟಾ. ನಿಮ್ಮ ಆಟಕ್ಕ ಮಂದಿ ಪಾಳಿ ಹಚ್ಚಿ ಸಾಲಾಗಿ ನಿಂತ್ರ ಇಟ್ಕೋತೀನಿ. ಇಲ್ಲಂದ್ರ ಗಿರಣಿ."

ಒಳಗಿನಿಂದ ಚಾಚಿ ಕೂಗಿದರು: "ಗಿರಣಿಗಂತೂ ಖಾತ್ರಿ ಪಾಳಿ ಹಚ್ತಾರ!"

ಅವ್ವನ ತಕರಾರು

ನನ್ನ ಗೆಳೆಯನಿಗೆ ಶಿರಹಟ್ಟಿ ಕಡೆ ಗುಡ್ಡದ ಮೇಲಿನ, ಕರೆಂಟ್ ತಯಾರಿಸುವ ಗಾಳಿ ಫ್ಯಾನುಗಳನ್ನು ರಿಪೇರಿ ಮಾಡುವ ಕೆಲಸ. ಕಂಪ್ಯೂಟರ್ ಆಟ ಬರೆಯುವುದು ಅವನ ಹುಚ್ಚು. ಆಗ ಇಂಟರ್ನೆಟ್ಟಿನಲ್ಲಿ ಒಂದು ಗೇಮ್ ಜಾಮ್ ನಡೆಯುವುದಿತ್ತು. ಜಾಮ್ ಅಂದರೆ ಒಂದು ಸ್ಪರ್ಧೆ. ಶನಿವಾರ ಒಂದು ವಿಷಯ ಕೊಡುತ್ತಾರೆ, ರವಿವಾರ ಸಂಜೆಯೊಳಗೆ ಆಟ ತಯಾರಾಗಬೇಕು. ಆ ಸಲದ ವಿಷಯ 'ಪ್ರಯಾಣ'. ಅದಕ್ಕೂ ಆಯಿತು, ಚಾಚಾ ಅವರ ಪೆಟ್ಟಿಗೆಗೂ ಆಯಿತು ಎಂದು ನಮ್ಮ ಮನೆಯ ಪಡಸಾಲೆಯಲ್ಲೇ ಕುಳಿತೆವು.

ಹಳೇ ಕಾಲದ ಆಟಗಳಂತೆ ಚೌಕಚೌಕ ಚುಕ್ಕೆಗಳಲ್ಲಿ ಬಿಳಿ ಟೋಪಿಯವನೊಬ್ಬನನ್ನು ಬರೆದು ಸೈಕಲ್ ಮೇಲೆ ಕೂರಿಸಿದೆವು. ಬೆಟಗೇರಿಯಿಂದ ಡಂಬಳಕ್ಕೆ ಅವನ ಸವಾರಿ. ದಾರಿಯಲ್ಲಿ ನಾಯಿ, ನವಿಲು, ತೆಗ್ಗು, ಎದುರುಗಾಳಿ. ಗುಂಡಿ ಒತ್ತಿದರೆ ಹಾರುತ್ತಾನೆ, ತಪ್ಪಿದರೆ ಬೀಳುತ್ತಾನೆ.

ಜೋಳ ಹಸನು ಮಾಡುತ್ತಿದ್ದ ಅವ್ವ ಹಣಿಕಿ ನೋಡಿದಳು. "ಇಂವ ಯಾಂವ?"

"ಹೀರೋ, ಅವ್ವಾ. ಡಂಬಳಕ್ಕ ಹೊಂಟಾನ."

"ಉಂಡಾನಿಲ್ಲೋ?"

ಅಷ್ಟರಲ್ಲಿ ನಾಯಿ ಅಡ್ಡ ಬಂತು. ಟೋಪಿಯವನು ಬಿದ್ದ. ಪರದೆಯ ತುಂಬ 'ಆಟ ಮುಗೀತು' ಎಂದು ಬಂತು. ಅವ್ವ ಮೊರ ಕೆಳಗಿಟ್ಟಳು. "ಮನಿ ಬಿಟ್ಟು ಹೊಂಟಾವ್ರ ಬಾಯಾಗ 'ಹೋಗ್ತೀನಿ' ಅಂತ ಸೈತ ಬರಬಾರದು, 'ಬರ್ತೀನಿ' ಅನಬೇಕು. ನೀವು ನೋಡಿದ್ರ ದಾರ್ಯಾಗ ಅಂವನ್ನ ಸಾಯಿಸಿ ಮ್ಯಾಲ ಬೋರ್ಡ ಬ್ಯಾರೆ ಹಾಕೀರಿ!"

ಗೆಳೆಯ ಸಮಾಧಾನ ಹೇಳಿದ. "ಅವ್ವಾರ, ಅಂವಗ ಮೂರು ಜೀವ ಅದಾವ್ರಿ."

"ಮೂರು ಅದಾವಂತ ಮೂರೂ ಸಲ ಸಾಯಿಸ್ತೀರೇನು?"

ಸಾವು ತೆಗೆದೆವು. ಬಿದ್ದರೆ ದಾರಿ ಬದಿಯಿಂದ ಒಬ್ಬಳು ತಂಬಿಗೆ ಹಿಡಿದು ಬಂದು, ನೀರು ಕುಡಿಸಿ, ಎಬ್ಬಿಸಿ ಕಳಿಸುತ್ತಾಳೆ. ಅವ್ವನಿಗೆ ಸಮಾಧಾನವಾಯಿತು. ಆಮೇಲೆ ಅವಳೇ ಆಡಲು ಕುಳಿತಳು. ನಾಯಿ ಕಂಡಲ್ಲೆಲ್ಲ ಬೇಕಂತಲೇ ಬೀಳಿಸುತ್ತಿದ್ದಳು. ಕೇಳಿದರೆ, "ಬಿಸಲಾಗ ಹೊಂಟಾನ, ನೀರಡಿಸಿರ್ತಾನ" ಎಂದಳು.

ಬೀಗರ ಮನೆ

ಸಾವಿಲ್ಲದಿದ್ದರೂ ಆಟಕ್ಕೊಂದು ಕೊನೆ ಇತ್ತು. ಡಂಬಳದ ಬೀಗರ ಮನೆ ಬಾಗಿಲು ಮುಟ್ಟಿದರೆ 'ಗೆದ್ದಿರಿ' ಎಂದು ಬಂದು ಆಟ ನಿಲ್ಲುತ್ತಿತ್ತು. ಗೆಳೆಯ ಅದನ್ನಾದರೂ ಉಳಿಸಿಕೊಳ್ಳಬೇಕೆಂದಿದ್ದ. ಆದರೆ ಆಟ ನೋಡಲು ಬಂದಿದ್ದ ಬಾಜೂ ಮನೆಯ ಕಾಕು ಮಗಳನ್ನು ಕೊಟ್ಟಿದ್ದು ಡಂಬಳಕ್ಕೇ.

"ಬಾಗಲದಾಗ ನಿಂದ್ರಿಸಿ ಗೆದ್ದೀ ಅಂತ ಹೇಳಿ ಕಳಸ್ತಾರೇನು ನಮ್ಮ ಬೀಗರು? ನೋಡಿದವ್ರು ಏನಂದಾರು!"

ಸರಿ, ಒಳಗೆ ಕರೆದು ರೊಟ್ಟಿ, ಎಣ್ಣೆಗಾಯಿ ಹಾಕಿಸಿದೆವು. "ಉಂಡ ಮ್ಯಾಲ ಮನಿಗೆ ಬರಬೇಕಲ್ಲ, ಹೇಣ್ತಿ ಕಾಯ್ತಿರ್ತಾಳ" ಎಂದರು ಕಾಕು. ಅವನನ್ನು ಹೊಳ್ಳಿ ಬೆಟಗೇರಿಗೆ ಕರೆತಂದೆವು. ಅಲ್ಲಿಗೂ ಬಿಡಲಿಲ್ಲ. ಬೀಗರು ಅಷ್ಟು ಉಪಚಾರ ಮಾಡಿದ ಮೇಲೆ ನಮ್ಮ ಕಡೆಯಿಂದ ಬುತ್ತಿ ಹೋಗಬೇಡವೇ? ಟೋಪಿಯವನು ಬುತ್ತಿ ಕಟ್ಟಿಕೊಂಡು ಮತ್ತೆ ಡಂಬಳಕ್ಕೆ ಹೊರಟ.

ಗೆಳೆಯ ತಲೆಗೆ ಕೈ ಹಚ್ಚಿ ಕೇಳಿದ. "ಕಾಕು, ಹಂಗಾರ ಇದು ಮುಗಿಯೂದ್ಯಾವಾಗ್ರಿ?"

"ಬೀಗತನ ಎಂದಾದ್ರೂ ಮುಗೀತೈತೇನೋ?"

ಗೆಳೆಯ ನನ್ನ ಕಡೆ ನೋಡಿದ. ಆಟಕ್ಕೆ ಕೊನೆ ಬೇಕು ಎಂದು ಅವನ ಕಣ್ಣು ಹೇಳುತ್ತಿತ್ತು. ನನಗೋ ಹೆಂಗಸರು ಇಷ್ಟು ಖುಷಿಯಿಂದ ಕಂಪ್ಯೂಟರಿನ ಮುಂದೆ ಕುಳಿತದ್ದು ನೋಡಿಯೇ ಹೊಟ್ಟೆ ತುಂಬಿತ್ತು. ಇರಲಿ ಬಿಡು ಎಂದೆ. ಅಲ್ಲೇ ಕೆಟ್ಟಿತು.

ಪರದೇಶದವರ ಮಾತು

ಜಾಮಿನಲ್ಲಿ ನಮ್ಮ ಆಟ ಎಲ್ಲಿದೆ ಎಂದು ಪಟ್ಟಿಯ ಮೇಲಿನಿಂದ ಹುಡುಕಿ ಬೆರಳು ನೋಯಿತು, ಕೆಳಗಿನಿಂದ ಹುಡುಕಿದರೆ ಲಗೂನೆ ಸಿಕ್ಕಿತು. 'ನೀರು ಕೊಡುವ ಹೆಂಗಸು ಚೆನ್ನಾಗಿದ್ದಾಳೆ, ಆದರೆ ನಾನು ಸೋಲುವುದು ಹೇಗೆ?' ಎಂದು ಒಬ್ಬರು ಬರೆದಿದ್ದರು. ಇನ್ನೊಬ್ಬರು, 'ನಿಮ್ಮ ಆಟ ಕೆಟ್ಟಿದೆ, ಅದೇ ಮನೆಯಲ್ಲಿ ಪದೇಪದೇ ಊಟ ಹಾಕುತ್ತಿದ್ದಾರೆ' ಎಂದಿದ್ದರು.

ಅವ್ವನಿಗೆ ಓದಿ ಹೇಳಿದೆ. "ಪಾಪ, ಅವರಿಗೆ ಬೀಗರು ಇಲ್ಲ ಕಾಣಸ್ತೈತಿ" ಎಂದಳು.

ಪಾಳಿ

ಜಾಮ್ ಹೋದರೆ ಹೋಗಲಿ, ಪೆಟ್ಟಿಗೆ ಉಳಿದರೆ ಸಾಕು ಎಂದು ಲಕ್ಷ್ಮೇಶ್ವರಕ್ಕೆ ಹೋದೆವು. ಗೆಳೆಯ ಹಳೇ ಪರದೆಗೆ ಸಣ್ಣದೊಂದು ಕಂಪ್ಯೂಟರ್ ಜೋಡಿಸಿದ. ಪೆಟ್ಟಿಗೆ ಝಗ್ ಎಂದು ಬೆಳಗಿತು. ಆ ಬೆಳಕು ಬಿದ್ದಾಗ ಚಾಚಾ ಅವರ ಮುಖ ನೋಡಬೇಕಿತ್ತು. ಓಣಿಯ ಮಂದಿ ಕೂಡಿದರು, ಪಾಳಿ ಹತ್ತಿತು. ನಾನು ಗೆಳೆಯನ ಕೈ ಒತ್ತಿದೆ.

ಮೊದಲು ಕುಳಿತವರು ಮಿಕ್ಸರ್ ರಿಪೇರಿಗೆ ತಂದಿದ್ದ ರಿಟೈರ್ಡ್ ಮಾಸ್ತರು. ಅವರು ಡಂಬಳಕ್ಕೆ ಹೋದರು, ಉಂಡರು, ಬಂದರು, ಬುತ್ತಿ ಕಟ್ಟಿಕೊಂಡರು, ಮತ್ತೆ ಹೋದರು. ಹಿಂದೆ ನಿಂತವರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಆಟ ಮುಗಿಯದೆ ಮಾಸ್ತರು ಏಳುವಂತಿಲ್ಲ, ಎಬ್ಬಿಸಲು ಚಾಚಾ ಬಿಡುವಂತಿಲ್ಲ. ಒಬ್ಬೊಬ್ಬರೇ ಕರಗಿದರು. ಕೊನೆಗೆ ನಾವಿಬ್ಬರೇ ಉಳಿದೆವು. ಮಿಕ್ಸರ್ ರಿಪೇರಿಯಾಗಿ ಎಷ್ಟೋ ಹೊತ್ತಾಗಿತ್ತು.

ಮಾಸ್ತರು ತಾವಾಗಿಯೇ ಎದ್ದು ಬೆನ್ನು ನೀವಿಕೊಂಡರು. "ಭಾಳ ಛಲೋ ಐತ್ರಿ ಆಟ. ಯಾರೂ ಗಡಿಬಿಡಿ ಮಾಡಲಿಲ್ಲ."

ಒಂದು ಕೊನೆ ಹಾಕಿಕೊಂಡು ಬರುತ್ತೇವೆ, ಇನ್ನೊಂದು ವಾರ ತಡೀರಿ ಎಂದು ಬೇಡಿಕೊಂಡೆ. ಚಾಚಾ ತಲೆ ಅಲ್ಲಾಡಿಸಿದರು. "ಪಾಳಿ ನಿಂದ್ರಲಿಲ್ಲಲ್ಲ ಬೇಟಾ. ನಿಮ್ಮ ಚಾಚಿಗೆ ಮಾತು ಕೊಟ್ಟೀನಿ." ನನ್ನ ಕ್ಲಾಸಿಗೆ ಒಯ್ಯೋಣವೆಂದರೆ ಅದು ಮಾಳಿಗೆಯ ಮೇಲೆ, ಆ ಮೆಟ್ಟಿಲಲ್ಲಿ ಕುರ್ಚಿ ಹತ್ತುವುದೇ ಕಷ್ಟ. ಗೆಳೆಯನದು ಬಾಡಿಗೆ ಖೋಲಿ, ಪೆಟ್ಟಿಗೆ ಒಳಗಿಟ್ಟರೆ ಅವನು ಹೊರಗೆ ಮಲಗಬೇಕು. ನಮ್ಮ ಮನೆಯ ಪಡಸಾಲೆಯೋ ಅವ್ವನ ಜೋಳದ ಚೀಲಗಳಿಗೇ ಸಾಲದು.

ಟೆಂಪೋ

ಗುಜರಿಯವನು ಬಂದ ದಿನ ನಾವೂ ಹೋಗಿದ್ದೆವು. ಅವನು ಹಗ್ಗ ಬಿಚ್ಚುತ್ತಿದ್ದಂತೆ ಚಾಚಾ ಚಾದರ ತೆಗೆದು, ಸ್ವಿಚ್ ಹಾಕಿ, ಸ್ಟೂಲಿನ ಮೇಲೆ ಕುಳಿತರು. "ಜನ್ಮದಾಗ ಒಂದ ಸಲಾನೂ ಆಡಿಲ್ಲ ನಾ. ಅಂಗಡಿ ನಡಸಾವಂಗ ಆಡಾಕ ಪುರಸೊತ್ತೆಲ್ಲಿ? ಇದೊಂದು ಆಟಾ ಮುಗೀಲಿ, ತಗೊಂಡ ಹೋಗಿಯಂತ."

ಟೋಪಿಯವನು ಡಂಬಳಕ್ಕೆ ಹೊರಟ. ಗುಜರಿಯವನು ಕಟ್ಟೆಯ ಮೇಲೆ ಕುಳಿತ. ಚಾಚಿ ಚಹಾ ಕೊಟ್ಟರು. ಟೋಪಿಯವನು ಹೋದ, ಬಂದ. ಮತ್ತೊಂದು ಚಹಾ ಬಂತು. ಹಿರಿಯರನ್ನು ಏಳಿ ಎನ್ನಲು ಗುಜರಿಯವನಿಗೆ ನಾಲಿಗೆ ಏಳಲೊಲ್ಲದು. ಹೊಸ ಗಿರಣಿ ಅಂಗಳದಲ್ಲೇ ಕಾಯುತ್ತಿತ್ತು, ಆದರೂ ಚಾಚಿ ಮತ್ತೆ ಚಹಾಕ್ಕೆ ನೀರಿಟ್ಟರು. ಹಾಗೇ ನಡೆಯಲಿ ದೇವರೇ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಕರೆಂಟ್ ಹೋಯಿತು.

ಚಾಚಾ ಗುಂಡಿಯನ್ನು ಇನ್ನೊಮ್ಮೆ ಒತ್ತಿ ನೋಡಿ ಎದ್ದರು. ಎಲ್ಲರೂ ಸೇರಿ ಪೆಟ್ಟಿಗೆಯನ್ನು ಟೆಂಪೋಗೆ ಏರಿಸಿದೆವು. ಹಗ್ಗ ಬಿಗಿಯುತ್ತ ಗುಜರಿಯವನು ನನ್ನನ್ನು ಕೇಳಿದ. "ಅಲ್ರಿ ಸರ, ಕರೆಂಟ್ ಹೋಗಿರಲಿಲ್ಲಂದ್ರ ಆ ಆಟಾ ಎಷ್ಟೊತ್ತಿಗೆ ಮುಗೀತಿತ್ರಿ?"

"ಮುಗೀತಿರಲಿಲ್ರಿ. 'ಮುಗೀತು' ಅನಬಾರದು ಅಂತ ನಮ್ಮವ್ವ ಹೇಳಿದ್ಲು."

ಅವನು ನಗಲಿಲ್ಲ. "ನಮ್ಮವ್ವನೂ ಹಂಗರಿ. ನಾ ಗುಜರಿ ಒಡೀತೀನಿ ಅಂತ ಯಾರ ಮುಂದೂ ಹೇಳಂಗಿಲ್ಲ. 'ನನ್ನ ಮಗಾ ಹಳೇ ಸಾಮಾನು ಜೋಪಾನ ಮಾಡ್ತಾನ' ಅಂತಾಳ."

ಚಾಚಾ ತೆಗೆದಿಟ್ಟಿದ್ದ ಚಾದರವನ್ನು ತಂದು ಪೆಟ್ಟಿಗೆಗೆ ಹೊದಿಸಿ, ಅಂಚನ್ನು ಹಗ್ಗದೊಳಗೆ ಸಿಗಿಸಿದರು. "ಹಂಗಾರ ಜೋಪಾನ ಮಾಡಪಾ" ಎಂದರು.