ಹನ್ನೊಂದು ಗಂಟೆ ಬಸ್ಸಿಗೆ ಅಡ್ಡ ಬಂದ ಸೀನು

ದರ್ಜಿ: ಇದು ನೆಗಡಿ ಅಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ? ಬಟ್ಟೆ ಧೂಳು. ಉಣ್ಣೆ ಬಟ್ಟೆ ಕತ್ತರಿಸಿದ್ರೆ ಯಾರಿಗಾದ್ರೂ ಸೀನು ಬರುತ್ತೆ.

ಹೆಂಡತಿ: ಹೌದೌದು. ಮೂವತ್ತು ವರ್ಷದಿಂದ ಕತ್ತರಿಸ್ತಿದ್ದೀರಿ, ಆ ಧೂಳಿಗೆ ನಿಮ್ಮ ಮೂಗಿನ ವಿಳಾಸ ಸಿಕ್ಕಿದ್ದು ಮಾತ್ರ ನಿನ್ನೆ!

ದರ್ಜಿ: ಹನ್ನೊಂದು ಗಂಟೆಗೆ ಬಸ್ಸು. ನಾನು ಬರೋನೇ.

ಹೆಂಡತಿ: ನೀವು ಬರಲ್ಲ. ಹನ್ನೆರಡು ದಿನದ ಕೂಸು ರೀ ಅದು. ಅದರ ಮುಖದ ಮೇಲೆ ಸೀನೋಕೆ ಸ್ವಂತ ತಾತನೇ ಟಿಕೆಟ್ ತಗೊಂಡು ಹೋಗ್ಬೇಕಾ?

ಮನೆಯ ಮುಂದಿನ ಕೋಣೆಯೇ ದರ್ಜಿಯ ಅಂಗಡಿ. ಹೊಲಿಗೆ ಯಂತ್ರದ ಪಕ್ಕದಲ್ಲಿ ಪ್ರಯಾಣದ ಚೀಲ ಸಿದ್ಧವಾಗಿ ಕೂತಿತ್ತು. ಅದರೊಳಗೆ ಮೊಮ್ಮಗಳಿಗೆಂದು ಹೊಲಿದ, ಅಂಗೈಯಗಲದ ಏಳು ಅಂಗಿಗಳು. ಹೊಲಿದವನು ಆತ, ಹೊತ್ತುಕೊಂಡು ಹೋಗಿ ತೊಡಿಸುವವಳು ಆಕೆ. ಈ ಅನ್ಯಾಯ ಅವನ ಗಂಟಲಿಗಿಂತ ಹೆಚ್ಚು ಕೆರೆಯುತ್ತಿತ್ತು.

ಆಕೆಯಾದರೋ ಇಪ್ಪತ್ತು ವರ್ಷದಿಂದ ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಟೋಕನ್ ಕೊಡುವವಳು. ಪರದೆಯ ಈಚೆ ಕೂತು ಕೇಳಿಸಿಕೊಂಡ ವೈದ್ಯವನ್ನೆಲ್ಲ ಮನೆಗೆ ತಂದು ಗಂಡನ ಮೇಲೆ ಪ್ರಯೋಗಿಸುವುದೆಂದರೆ ಆಕೆಗೆ ಎಲ್ಲಿಲ್ಲದ ಉತ್ಸಾಹ.

ದರ್ಜಿ: ಸರಿ, ನೆಗಡಿ ಅಂತಲೇ ಇಟ್ಕೋ. ಹಲ್ಲು ಕೀಳಿಸಿದಾಗ ಕೊಟ್ಟಿದ್ದ ಆಂಟಿಬಯಾಟಿಕ್ ಮಾತ್ರೆ ನಾಲ್ಕು ಉಳಿದಿವೆ. ಈಗ ಎರಡು, ಬಸ್ಸಲ್ಲಿ ಎರಡು. ನಾನು ಇಳಿದ್ಮೇಲೆ ನೆಗಡಿ ಅದೇ ಬಸ್ಸಲ್ಲಿ ಮುಂದೆ ಹೋಗುತ್ತೆ.

ಹೆಂಡತಿ: ಉಳಿದಿವೆಯಾ? ಆಗ ಪೂರ್ತಿ ನುಂಗಿದೆ ಅಂದಿದ್ರಿ!

ದರ್ಜಿ: ನೋವು ನಿಂತ್ಹೋಯ್ತು. ಮಿಕ್ಕಿದ ಬಟ್ಟೇನ ನಾನು ಬಿಸಾಡ್ತೀನಾ? ಎತ್ತಿಡ್ತೀನಿ. ಎಲ್ಲಾದ್ರೂ ತೇಪೆಗೆ ಬರುತ್ತೆ.

ಹೆಂಡತಿ: ಮಾತ್ರೆ ತೇಪೆ ಅಲ್ಲ. ಅದು ಬ್ಯಾಕ್ಟೀರಿಯಾಕ್ಕೆ. ನೆಗಡಿ ತರೋದು ವೈರಸ್. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಡಾಕ್ಟರು ದಿನಾ ಹತ್ತು ಜನಕ್ಕೆ ಹೇಳ್ತಾರೆ.

ದರ್ಜಿ: ಮತ್ತೆ ವೈರಸ್ಸಿಗೆ ಏನು ಕೊಡ್ತಾರೆ?

ಹೆಂಡತಿ: ಏನೂ ಇಲ್ಲ. ಮಲಗಿ, ಬಿಸಿನೀರು ಕುಡೀರಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತೆ. ಜ್ವರ ಬಿಡದಿದ್ರೆ, ಉಸಿರಾಡೋಕೆ ಕಷ್ಟ ಆದ್ರೆ ತಕ್ಷಣ ಬನ್ನಿ. ಅಷ್ಟೇ.

ದರ್ಜಿ: ಏನೂ ಕೊಡದೇ ಕಳಿಸೋಕೆ ಅಷ್ಟು ವರ್ಷ ಓದ್ಬೇಕಾ? ನಾನೂ ಗಿರಾಕಿಗಳಿಗೆ ಹಾಗೇ ಹೇಳ್ತೀನಿ ಇನ್ಮೇಲೆ. ಪ್ಯಾಂಟು ತಾನೇ ಉದ್ದ ಆಗುತ್ತೆ, ಬಿಸಿನೀರು ಕುಡೀರಿ ಅಂತ!

ಹೆಂಡತಿ: ಈಗೇನು ಕಡಿಮೆ? ಎಷ್ಟು ಜನಕ್ಕೆ ನಾಳೆ ಬನ್ನಿ ಅಂದಿಲ್ಲ ನೀವು?

ದರ್ಜಿ: ಆಗ್ಲಿ, ಡಾಕ್ಟರ ಬಾಯಿಂದಲೇ ಕೇಳ್ತೀನಿ. ಹೋಗೋ ದಾರೀಲೇ ಕ್ಲಿನಿಕ್ಕು. ನಿನ್ನ ಗಂಡ ಅಂತ ಒಂದನೇ ನಂಬರಿನ ಟೋಕನ್ ಕೊಡಿಸು.

ಹೆಂಡತಿ: ಅದೆಲ್ಲ ನಡೆಯಲ್ಲ. ನಮ್ಮಲ್ಲಿ ಮೊದಲು ಬಂದವರಿಗೆ ಮೊದಲ ನಂಬರು. ಮಂತ್ರಿ ಬಂದ್ರೂ ಅಷ್ಟೇ. ಅದಿರ್ಲಿ, ಮೂಗಿನ ತುದಿ ಯಾಕೆ ಹಾಗೆ ಕೆಂಪಗಾಗಿದೆ?

ದರ್ಜಿ: ಹಬೆ ತಗೊಂಡೆ.

ಹೆಂಡತಿ: ಯಾವಾಗ? ಒಲೆ ಹತ್ತಿಸಿದ್ದೇ ನಾನು ನೋಡ್ಲಿಲ್ಲ.

ದರ್ಜಿಯ ಕಣ್ಣು ಮೇಜಿನ ಮೇಲಿದ್ದ ಹಬೆಯ ಇಸ್ತ್ರಿಪೆಟ್ಟಿಗೆಯ ಕಡೆ ಹೋಗಿ, ಗಡಿಬಿಡಿಯಿಂದ ವಾಪಸ್ ಬಂತು.

ಹೆಂಡತಿ: ಅಯ್ಯೋ! ಇಸ್ತ್ರಿಪೆಟ್ಟಿಗೇಲಾ?

ದರ್ಜಿ: ಅದೂ ಹಬೇನೇ ತಾನೇ?

ಹೆಂಡತಿ: ಜೊತೆಗೆ ಮುಖದ ಸುಕ್ಕೂ ಹೋಗ್ಲಿ ಅಂತ ಇರ್ಬೇಕು! ಸುಟ್ಕೊಂಡು ಕೂತಿದ್ರೆ ಏನ್ರೀ ಗತಿ?

ದರ್ಜಿ ಕೊನೆಯ ಅಸ್ತ್ರವನ್ನು ಡ್ರಾಯರಿನಿಂದ ತೆಗೆದ. ಕೋಟಿನ ಕಾಲರಿಗೆ ಹಾಕುವ ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆಳಗಿನ ಜಾವವೇ ಹೊಲಿದಿಟ್ಟಿದ್ದ ಮಾಸ್ಕು. ಅದನ್ನು ಕಟ್ಟಿಕೊಂಡ ಮೇಲೆ ಅವನ ದನಿ ಬಾವಿಯೊಳಗಿಂದ ಬಂದಂತೆ ಬಂತು.

ದರ್ಜಿ: ಬಾಗಿಲ ಹತ್ರಾನೇ ನಿಲ್ತೀನಿ ಕಣೇ. ಮುಟ್ಟಲ್ಲ. ಏಳು ಅಂಗೀನೂ ಅಂದಾಜಲ್ಲೇ ಹೊಲಿದಿದ್ದು, ತೋಳು ಸರಿ ಇದೆಯಾ ಅಂತ ನೋಡಿ ವಾಪಸ್ ಬಂದ್ಬಿಡ್ತೀನಿ.

ಹೆಂಡತಿಯ ಕಣ್ಣು ಒಂದು ಗಳಿಗೆ ಮೆತ್ತಗಾಯಿತು. ಆದರೆ ಇಪ್ಪತ್ತು ವರ್ಷದ ಅನುಭವ ಅಷ್ಟು ಸುಲಭಕ್ಕೆ ಸೋಲುವಂಥದ್ದಲ್ಲ. ಮಗಳಿಗೇ ಫೋನ್ ಮಾಡಿ ವಿಷಯ ತಿಳಿಸಿ, ಇಬ್ಬರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು.

ಮಗಳು: ಅಪ್ಪಾ, ಅಮ್ಮ ಹೇಳೋದು ಸರಿ. ನಿಮಗೆ ಅದು ಬರೀ ನೆಗಡಿ. ಇವಳಿಗೆ ಮೂಗು ಕಟ್ಟಿದ್ರೆ ಹಾಲು ಕುಡಿಯೋಕೂ ಆಗಲ್ಲ. ನೀವು ಆಮೇಲೆ ಬನ್ನಿ.

ಹೆಂಡತಿ: ಕೇಳಿಸ್ತಾ? ನನ್ನ ನೋಡಿ ಕಲೀರಿ. ದಿನಾ ಅಷ್ಟು ರೋಗಿಗಳ ಮಧ್ಯೆ ಕೂರ್ತೀನಿ. ಗಳಿಗೆಗೊಂದು ಸಲ ಸೋಪು ಹಾಕಿ ಕೈ ತೊಳೀತೀನಿ. ನನಗೇನಾದ್ರೂ ಆಯ್ತಾ?

ಮಗಳು: ಅಮ್ಮಾ, ಸೋಮವಾರ ಫೋನಲ್ಲಿ ನಿನ್ನ ದನಿ ಯಾಕೆ ಅಷ್ಟು ಕಟ್ಟಿತ್ತು?

ಹೆಂಡತಿ: ಅದಾ? ಅದು... ಅಡುಗೆಮನೆ ಘಾಟು.

ದರ್ಜಿ ಮಾಸ್ಕನ್ನು ನಿಧಾನವಾಗಿ ಬಿಚ್ಚಿದ. ಇಂಥ ಮಾತನ್ನು ಬಟ್ಟೆ ಅಡ್ಡ ಇಟ್ಟುಕೊಂಡು ಆಡಿದರೆ ಅದರ ರುಚಿಯೇ ಹೋಗುತ್ತದೆ.

ದರ್ಜಿ: ಸೋಮವಾರ ಘಾಟು. ಮಂಗಳವಾರ ನನ್ನ ಟವೆಲ್ಲಲ್ಲಿ ಮೂಗು ಒರೆಸ್ಕೊಂಡೆಯಲ್ಲ, ಅದೂ ಘಾಟು. ಗುರುವಾರ ನನಗೆ ಧೂಳು. ಎಂಥಾ ಮನೆ ನಮ್ಮದು! ಎಲ್ಲಾ ಬರುತ್ತೆ, ನೆಗಡಿ ಒಂದು ಬರಲ್ಲ.

ಮಗಳು: ಅಮ್ಮಾ, ಹಾಗಾದ್ರೆ ನೀನೂ ಬರ್ಬೇಡ. ಇಬ್ಬರೂ ಪೂರ್ತಿ ಹುಷಾರಾಗಿ ಒಟ್ಟಿಗೇ ಬನ್ನಿ.

ಫೋನ್ ಇಟ್ಟಾಯಿತು. ಬೀದಿಯ ಆಚೆ ಹನ್ನೊಂದು ಗಂಟೆಯ ಬಸ್ಸು ಹಾರ್ನ್ ಹಾಕಿಕೊಂಡು ಹೊರಟುಹೋಯಿತು. ಹೆಂಡತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಸಿದಳು. ಗೆದ್ದವನಿಗೂ ಯಾಕೋ ಸಂತೋಷವಾಗಲಿಲ್ಲ.

ಹೆಂಡತಿ: ನಾವು ಹೋಗೋ ಹೊತ್ತಿಗೆ ಕೂಸು ಬೆಳೆದುಬಿಡುತ್ತೆ ರೀ. ಅಂಗಿ ಹಿಡಿಸದೇ ಹೋದ್ರೆ?

ದರ್ಜಿ: ಒಳಗೆ ಒಂದೊಂದು ಇಂಚು ಬಟ್ಟೆ ಬಿಟ್ಟೇ ಹೊಲಿದಿದ್ದೀನಿ. ಹೊಲಿಗೆ ಬಿಚ್ಚಿದ್ರೆ ಆಯ್ತು. ಅಳಬೇಡ, ಮೂಗು ಇನ್ನೂ ಕಟ್ಟುತ್ತೆ.

ಅಷ್ಟು ಹೇಳಿ ಅವನು ಒಳಗೆ ಹೋಗಿ ಎರಡು ಲೋಟ ಬಿಸಿನೀರು ತಂದ. ಆಮೇಲೆ ಗಿರಾಕಿಗಳ ಬಟ್ಟೆಗೆ ಸಿಕ್ಕಿಸುವ ನಂಬರಿನ ಚೀಟಿಗಳಿಂದ ಒಂದನ್ನು ಆರಿಸಿ, ಪಿನ್ನು ಹಿಡಿದು, ಹೆಂಡತಿಯ ರವಿಕೆಯ ತೋಳಿಗೆ ಜೋಪಾನವಾಗಿ ಚುಚ್ಚಿದ.

ಹೆಂಡತಿ: ಇದೇನ್ರೀ ಇದು?

ದರ್ಜಿ: ಟೋಕನ್. ನಂಬರ್ ಒಂದು. ನನ್ನದು ಎರಡು. ಮೊದಲು ಬಂದವರಿಗೆ ಮೊದಲ ನಂಬರು ಕಣೇ, ಮಂತ್ರಿ ಬಂದ್ರೂ ಅಷ್ಟೇ.