ಬೇರಿನ ಔಷಧಿ ಮತ್ತು ಸಂಗೊಳ್ಳಿಯ ಗೌಡರು

ಕಣ್ಣಿಗೆ ಕಾಣದ ಜೀವಾಣು ಸಾಕುವ ಕೆಲಸ ನಮ್ಮದು, ಹಾಗಾಗಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಬೈಲಹೊಂಗಲದ ನಮ್ಮ ಸಣ್ಣ ಲ್ಯಾಬಿನಲ್ಲಿ ಇರುವವರು ಇಬ್ಬರೇ: ನಾನು ಮತ್ತು ನಮ್ಮ ಸರ್. ಗಿಡದ ಬೇರು ಬೆಳೆಸುವ ಹಾರ್ಮೋನನ್ನು ತಯಾರಿಸುವ ಜೀವಾಣುಗಳನ್ನು ಬೆಳೆಸಿ, ಬಾಟಲಿಗೆ ತುಂಬಿ ರೈತರಿಗೆ ಕೊಡುತ್ತೇವೆ. ಎಲ್ಲರ ಪ್ರಸಂಗವನ್ನೂ ನಗುತ್ತ ಹೇಳಬಲ್ಲೆ. ಸಂಗೊಳ್ಳಿಯ ಗೌಡರು ಮತ್ತು ಗೌಡಸಾನಿಯವರದು ಬಂದಾಗ ಮಾತ್ರ ನಡುವೆ ನಿಲ್ಲಿಸಬೇಕಾಗುತ್ತದೆ.

೧. ತೊಟ್ಟಿಲು

ಮೊದಲ ಸಲ ಗಂಡ ಹೆಂಡತಿ ಕೂಡಿಯೇ ಬಂದಿದ್ದರು. ಮಷೀನಿನ ಮೇಲೆ ಜೀವಾಣು ಬೆಳೆಸುವ ಗಾಜಿನ ಬುರುಡೆಗಳು ಅಲುಗಾಡುತ್ತಿದ್ದವು.

"ಇವನ್ಯಾಕ ತೂಗಾಕ ಹತ್ತೀರಿ?" ಗೌಡಸಾನಿ ಕೇಳಿದರು.

"ಜೀವಾಣುಗಳಿಗೆ ಗಾಳಿ ಸಿಗಲಿ ಅಂತ್ರಿ" ಎಂದೆ.

"ಏನ್ ತಿಂತಾವು?"

"ಬೆಲ್ಲದ ನೀರು."

ಅವರು ಗಂಡನ ಕಡೆ ತಿರುಗಿದರು. "ಕೇಳಿದ್ರಿ? ತೊಟ್ಟಿಲಾ ತೂಗಿ, ಬೆಲ್ಲದ ನೀರ ಕುಡಿಸಿ ಸಾಕ್ಯಾರ. ನೀವು ಒಯ್ದು ಬಿಸಲಾಗ ಇಟ್ಟು ಕೊಂದ್ರ, ಆವತ್ತ ನಿಮಗ ರೊಟ್ಟಿ ಇಲ್ಲ!"

೨. ತಲೆಯ ಪ್ರಯೋಗ

ಮರುವರ್ಷ ಗೌಡರು ಒಬ್ಬರೇ ಬಂದರು. ಗೌಡಸಾನಿಗೆ ಕ್ಯಾನ್ಸರ್. ಬೆಳಗಾವಿಯಲ್ಲಿ ಚಿಕಿತ್ಸೆ ನಡೆದಿತ್ತು, ಕೂದಲು ಪೂರ್ತಿ ಉದುರಿತ್ತು. ಗೌಡರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸರ್, ಕೂದಲಕ್ಕೂ ಬೇರ ಇರತಾವಲ್ರಿ?" ಎಂದರು.

ಸರ್ ನಗಲಿಲ್ಲ. "ಗೌಡ್ರ, ಇದು ಗಿಡದ್ದು. ಮನುಷ್ಯಾರಿಗೆ ನಡಿಯೂದಿಲ್ಲ. ಚಿಕಿತ್ಸಾ ಮುಗಿದ ಮ್ಯಾಲೆ ಕೂದಲಾ ತಾವ ಬರ್ತಾವ."

"ಹೌದ್ರಿ, ಹೌದ್ರಿ" ಎಂದವರೇ, ಕಬ್ಬಿಗೆಂದು ಹೇಳಿ ಬಾಟಲಿ ಒಯ್ದರು. ಎರಡು ದಿನಕ್ಕೆ ಗೌಡಸಾನಿಯ ಫೋನು.

"ತಂಗಿ, ನನಗ ಹಚ್ಚೂಕಿಂತ ಮೊದಲ ತಮ್ಮ ಬೋಳ ತಲಿಗೆ ಹಚ್ಚಿ ನೋಡ್ಯಾರವ್ವಾ. ಕೂದಲಾ ಒಂದೂ ಬಂದಿಲ್ಲ. ಇರಿವಿ ಮಾತ್ರ ಸಾಲ ಹಚ್ಚಿ ಬಂದಾವ!"

ಅವರ ನಗು ಕೆಮ್ಮಿನಲ್ಲಿ ಮುಗಿಯಿತು. ನಾನೂ ನಕ್ಕೆ.

೩. ಖಾಲಿ ಸಾಲು

ಆ ವರ್ಷ ಗೌಡರ ಹೊಲದಲ್ಲಿ ಒಂದು ಪರೀಕ್ಷೆ ಇಟ್ಟಿದ್ದೆವು. ಒಂದು ಸಾಲಿಗೆ ನಮ್ಮ ಔಷಧಿಯಲ್ಲಿ ಅದ್ದಿದ ಕಬ್ಬಿನ ತುಂಡು, ಪಕ್ಕದ ಸಾಲಿಗೆ ಬರೀ ತುಂಡು. ಎರಡು ತಿಂಗಳಿಗೆ ನೋಡಹೋದರೆ ಔಷಧಿಯ ಸಾಲಿನಲ್ಲಿ ಒಂದೇ ಒಂದು ಸಸಿ ಇಲ್ಲ! ಸರ್ ಮುಖ ಕಪ್ಪಿಟ್ಟಿತು.

"ಏನಾತ್ರಿ ಗೌಡ್ರ? ಹುಟ್ಟಲಿಲ್ಲೇನು?"

"ಛಲೋ ಹುಟ್ಟಿದ್ದುರಿ. ಆಕಿಗೆ ಹೊಲದ ತನಕ ಬರಾಕ ಆಗವಲ್ದು. 'ಬೇರ ಎಷ್ಟ ಬಂದಾವ, ತೋರಸ್ರಿ' ಅಂತಾಳ. ದಿನಾ ಒಂದ ಕಿತ್ತು ಒಯ್ದು ತೋರಿಸಿದ್ನಿ."

"ಮತ್ತ ಬಾಜೂ ಸಾಲು?"

"ಅದಕ್ಕ ಬೇರ ಕಡಿಮಿ ಇದ್ದುರಿ. ಒಮ್ಮೆ ಒಂದ ಒಯ್ದಿದ್ನಿ, ನೋಡಿ ಆಕಿ ಮಾರಿ ಸಣ್ಣ ಮಾಡಿದ್ಲು. ಮತ್ತ ಅದನ್ನ ಕೀಳಲಿಲ್ಲ."

ಪರೀಕ್ಷೆಯ ವಹಿಯಲ್ಲಿ ಸರ್ ಬರೆದರು: "ಫಲಿತಾಂಶ ಉತ್ತಮ. ಬೆಳೆ ಇಲ್ಲ."

೪. ಸಮಾಧಾನದ ಮಾತು

ಮಳೆಗಾಲ ಮುಗಿಯುವುದರೊಳಗೆ ಗೌಡಸಾನಿ ತೀರಿಕೊಂಡರು. ನಾವಿಬ್ಬರೂ ಮಾತಾಡಿಸಲು ಹೋದೆವು. ಪಡಸಾಲೆ ತುಂಬ ಜನ. ಗೌಡರು ಕಂಬಕ್ಕೊರಗಿ ಕುಳಿತಿದ್ದರು, ಅತ್ತಿರಲಿಲ್ಲ. ಸರ್ ಅವರ ಕೈ ಹಿಡಿದರು. ಏನು ಹೇಳಬೇಕೋ ತಿಳಿಯದೆ, ಬಾಟಲಿ ಕೊಡುವಾಗ ರೈತರಿಗೆಲ್ಲ ಹೇಳುವ ಮಾತೇ ಅವರ ಬಾಯಿಂದ ಬಂದುಬಿಟ್ಟಿತು:

"ಹದಿನೈದು ದಿನಾ ಬಿಟ್ಟು ನೋಡ್ರಿ. ಫರಕ್ ಕಾಣ್ತದ."

ನಾನು ತಲೆ ತಗ್ಗಿಸಿದೆ. ಗೌಡರು ಸರ್ ಮುಖವನ್ನೇ ನೋಡಿದರು. ಮೊದಲು ನಕ್ಕರು, ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತರು.

ಸರಿಯಾಗಿ ಹದಿನಾರನೆಯ ದಿನ ಲ್ಯಾಬಿಗೆ ಫೋನು ಬಂತು. ಸರ್ ಕೈಯಲ್ಲಿ ಕೆಲಸವಿತ್ತೆಂದು ಸ್ಪೀಕರ್ ಹಾಕಿ ಹಿಡಿದೆ.

"ಸರ್, ಹದಿನೈದು ದಿನಾ ಆತ್ರಿ. ಏನೂ ಫರಕ್ ಕಾಣವಲ್ದು."

ಸರ್ ಅವರ ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ನನ್ನೆದುರು ಆ ಮಾತು ಅವರು ಎಂದೂ ತೆಗೆದವರಲ್ಲ. ಕೈಯಲ್ಲಿದ್ದ ಗಾಜಿನ ಬುರುಡೆಯನ್ನು ಮೆಲ್ಲಗೆ ಕೆಳಗಿಟ್ಟರು.

"ನಂದು ಹನ್ನೊಂದು ವರ್ಷಾತ್ರಿ ಗೌಡ್ರ" ಎಂದರು. "ನಾನೂ ಇನ್ನೂ ನೋಡ್ಲಿಕ್ಕೇ ಹತ್ತೇನಿ."