ತಾಂಬಡವಾಡಿಯ ಎರಡನೇ ಸೈರನ್

“ಇವತ್ತಿಂದ ಇಡೀ ಊರಿನ ಮನಶ್ಶಾಂತಿ ನನ್ನ ಹೆಬ್ಬೆರಳಿನ್ಯಾಗ ಐತಿ, ತಿಳೀತಾ?” ನಿವೃತ್ತ ಶಿಕ್ಷಕ ಖಂಡೇರಾವ್ ಮಾಸ್ತರರು ಮೀಸೆ ತಿರುವಿದರು.

“ಮೊದಲ ಆ ಹೆಬ್ಬೆರಳಿಗೆ ಶಾಂತಿ ಕೊಡ್ರಿ. ನಿದ್ದಿಗಣ್ಣಾಗೂ ಫೋನ್ ತಿಕ್ಕತೈತಿ!” ಎಂದಳು ಹೆಂಡತಿ ಶೇವಂತಾ.

ಸಾಂಗಲಿ ಕಡೆಯ ತಾಂಬಡವಾಡಿಯಲ್ಲಿ ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ ಕೂಗಿದರೆ ಫೋನು, ಟಿವಿ ಎಲ್ಲ ಬಂದ್. ಎಂಟೂವರೆಗೆ ಮತ್ತೆ ಕೂಗಿದರೆ ಚಾಲೂ. ನಡುವೆ ಕದ್ದು ಫೋನ್ ತೆಗೆದವರ ಹೆಸರು ಮರುದಿನ ಧ್ವನಿವರ್ಧಕದಲ್ಲಿ! ಸೈರನ್ ಒತ್ತುವ ಕೆಲಸವನ್ನು ಮಾಸ್ತರರು ಕಾಡಿ ಬೇಡಿ ಪಡೆದಿದ್ದರು. “ಒಂದು ದಿನ ತಪ್ಪಿದರೂ ಕೆಲಸ ಬ್ಯಾರೆಯವರಿಗೆ,” ಎಂದು ಸರಪಂಚರಾದ ವಿಮಲತಾಯಿ ಮೊದಲೇ ಎಚ್ಚರಿಸಿದ್ದರು.

ಏಳಕ್ಕೆ ಸರಿಯಾಗಿ ಮಾಸ್ತರರು ಗುಡಿಯಲ್ಲಿ ಗುಂಡಿ ಒತ್ತಿದರು. ಊರಿಗೆ ಮಾದರಿಯಾಗಬೇಕಲ್ಲ! ಮನೆಗೆ ಬಂದು ಫೋನ್ ಆರಿಸಿ ಶೇವಂತಾಳ ಕೈಗಿಟ್ಟರು. ಅವಳು ಅದನ್ನು ಜೋಳದ ಹಿಟ್ಟಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಆಮೇಲೆ ಮಾಸ್ತರರಿಗೆ ಹೊಳೆಯಿತು: ಎಂಟೂವರೆ ಆಯಿತೆಂದು ಗೊತ್ತಾಗುವುದು ಹೇಗೆ?

ಗೋಡೆ ಗಡಿಯಾರದ ಸೆಲ್ಲನ್ನು ಅವರೇ ಟಿವಿ ರಿಮೋಟಿಗೆ ಹಾಕಿದ್ದರು. ಕೈಗಡಿಯಾರವನ್ನು ಅಳಿಯನಿಗೆ ಕೊಟ್ಟಾಗಿತ್ತು. ಡಬ್ಬಿ ತೆಗೆಯೋಣವೆಂದರೆ ಶೇವಂತಾ ಕಣ್ಣರಳಿಸಿ, “ನಾಳೆ ನಿಮ್ಮ ಹೆಸರು ನಾನಽ ಕೂಗಸ್ತೀನಿ!” ಎಂದಳು.

ಮಾಸ್ತರರು ಬೀದಿಗೆ ಓಡಿದರು. ನೇರವಾಗಿ ಕೇಳಿದರೆ ಮಾನ ಹೋಗುತ್ತದೆ. “ಊಟ ಆತೇನು?” ಎಂದು ಮೊದಲ ಮನೆಯಲ್ಲಿ ಸುಳಿವು ಹುಡುಕಿದರು.

“ಆಗಿಲ್ಲ, ಬರ್ರಿ ಗುರೂಜಿ, ಕುಂದರ್ರಿ!”

ಬಿಸಿ ಜೋಳದ ಭಾಕರಿ ಬಂತು, ಜತೆಗೆ ಮೆಣಸಿನಕಾಯಿ ಕುಟ್ಟಿದ ಥೇಚಾ. ಪಕ್ಕದ ಮನೆಯವರು ಚಹಾ ಹಿಡಿದು ಬಂದರು. ಮಾಸ್ತರರು ಶಾಲೆಯಲ್ಲಿ ಪಂಚೆ ಜಾರಿ ಬಿದ್ದ ಕಥೆಯನ್ನು ಯಾರೋ ತೆಗೆದರು. ಮಾಸ್ತರರೂ ಹೊಟ್ಟೆ ಹಿಡಿದು ನಕ್ಕರು. ಆರು ತಿಂಗಳಿಂದ ಫೋನು ‘ಟಿಣ್’ ಎಂದಾಗಲೆಲ್ಲ ಹಾರುತ್ತಿದ್ದ ಎದೆ ಈಗ ತೆಪ್ಪಗಿತ್ತು. ಅವರಿಗೆ ಹಾಯೆನಿಸಿತು, ತೂಕಡಿಕೆಯೂ ಬಂತು.

ಕಣ್ಣು ಬಿಟ್ಟಾಗ ಮಕ್ಕಳೆಲ್ಲ ಕಟ್ಟೆಯ ಮೇಲೆ ನಿದ್ದೆ ಹೋಗಿದ್ದರು. “ಅಯ್ಯೋ, ಸತ್ತೆ!” ಎಂದು ಮಾಸ್ತರರು ಗುಡಿಗೆ ಓಡಿ ಗುಂಡಿ ಒತ್ತಿದರು. ಸದ್ದು ಕೇಳಿ ಬಂದ ವಿಮಲತಾಯಿ ತಮ್ಮ ಫೋನ್ ಹಚ್ಚಿ ನೋಡಿದರು: ಒಂಬತ್ತೂ ಮುಕ್ಕಾಲು!

“ತಪ್ಪಾತು ತಾಯಿ. ಕೆಲಸ ಬ್ಯಾರೆಯವರಿಗೆ ಕೊಡ್ರಿ,” ಮಾಸ್ತರರು ಕೈ ಮುಗಿದರು.

“ಯಾಕ ಕೊಡೂದು? ನಮ್ಮತ್ತಿ ನನ್ನ ಕೂಡ ಇಷ್ಟೊತ್ತು ನಕ್ಕೊಂತ ಮಾತಾಡಿದ್ದು ಇವತ್ತಽ ಮೊದಲು. ನಾಳೆನೂ ಹಿಂಗಽ ಮರೀರಿ, ಗುರೂಜಿ!”

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಎದೆಯುಬ್ಬಿಸಿ ಮನೆಗೆ ಬಂದು ಎಲ್ಲವನ್ನೂ ಹೇಳಿದರು.

ಶೇವಂತಾ ಹಾಸಿಗೆ ಕೊಡವುತ್ತ ಅಂದಳು: “ಮೂವತ್ತು ವರ್ಷ ಬಾಯಿ ಹರಕೊಂಡು ಪಾಠ ಮಾಡಿದ್ರಿ, ಊರು ಕೇಳಲಿಲ್ಲ. ಒಂದು ದಿನ ಸುಮ್ಮನ ಮಲಕೊಂಡ್ರಿ, ಊರು ಉದ್ಧಾರ ಆತು!”